ಸೂರಿನ ಕರಟಗಳು

ನಾನು ಸುಳ್ಳು ಹೇಳಿದೆ. ಕೆಂಚಮ್ಮ ಊರಿನವರೆಲ್ಲರ ಮುಂದೆ ಅದಕ್ಕೆ ಹೂಂ ಅಂದಳು. ಹೋದ ವರ್ಷ ನಮ್ಮ ದೊಡ್ಡಮನೆ ಮ್ಯೂಸಿಯಂ ಆದಾಗ ನಡೆದದ್ದು ಇಷ್ಟೇ. ಹಾರ, ಭಾಷಣ, ಫೋಟೋ ಇವನ್ನೆಲ್ಲ ಯಾರು ಬೇಕಾದರೂ ಹೇಳುತ್ತಾರೆ. ಇದನ್ನು ಮಾತ್ರ ನಾನೇ ಹೇಳಬೇಕು.

ಮೊನ್ನೆ ಮಳೆ ಹಿಡಿದುಕೊಂಡಿತ್ತು. ಚಿಕ್ಕನಾಯಕನಹಳ್ಳಿಗೆ ಹಿಡಿದುಕೊಳ್ಳುವ ಮಳೆ ಬರುವುದೇ ಅಪರೂಪ. ಗುಡ್ಡದ ಕಡೆಯಿಂದ ಮೋಡ ಎದ್ದು ಬರುತ್ತದೆ, ನಾವು ಒಣಹಾಕಿದ ರಾಗಿ ಎತ್ತಿಡುವಷ್ಟು ಹೆದರಿಸುತ್ತದೆ, ಹೋಗುತ್ತದೆ. ಮೊನ್ನೆ ಹೋಗಲಿಲ್ಲ. ಅಟ್ಟದ ಹೆಂಚು ಸೋರುತ್ತಿದೆ, ಎಲ್ಲೆಲ್ಲಿ ಮೊದಲಿಂದ ಸೋರುತ್ತಿತ್ತು ಬಂದು ಹೇಳಿ ಅಂತ ಮ್ಯೂಸಿಯಂನವರು ಕರೆದರು. ಹೋಗಿ ಏಣಿಯ ಕೆಳಗೆ ನಿಂತೆ. ಮೇಲಿನ ಹಲಗೆ ಸರಿಸಿದ ಕೂಡಲೇ ವಾಸನೆ ಇಳಿದು ಬಂತು. ಒಣಗಿದ ಸಿಪ್ಪೆ, ಹಳೇ ಹೊಗೆ, ಎಣ್ಣೆ ಜಿನುಗಿದ ಕೊಬ್ಬರಿ. ನಮ್ಮ ಸೀಮೆಯಲ್ಲಿ ಈ ವಾಸನೆ ಬಂದರೆ ಮನೆ ಚೆನ್ನಾಗಿ ನಡೆಯುತ್ತಿದೆ ಅಂತ ಲೆಕ್ಕ. ನನಗೆ ಮಾತ್ರ ಹೋದ ವರ್ಷದಿಂದ ಈಚೆಗೆ ಇದು ಮೂಗಿಗೆ ಬಿದ್ದರೆ ಮುಖ ಬಿಸಿಯಾಗುತ್ತದೆ.

ಆ ಮನೆ ನನ್ನ ಗಂಡನ ತಾತ ಕಟ್ಟಿಸಿದ್ದು. ಕೊಬ್ಬರಿ ವ್ಯಾಪಾರದ ಮನೆ. ಮುಂದೆ ಜಗುಲಿ, ಒಳಗೆ ಕಂಬ ನಿಲ್ಲಿಸಿದ ತೊಟ್ಟಿ, ಮೇಲೆ ಮನೆಯುದ್ದಕ್ಕೂ ಅಟ್ಟ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಆಮೇಲೆ ಇಳಿಸಿ ಸುಲಿಯಬೇಕು, ಕರಟ ಒಡೆದು ಉಂಡೆ ಕೊಬ್ಬರಿ ತೆಗೆಯಬೇಕು. ಸುಲಿಯುವುದು ಗಂಡಸರು, ಒಡೆಯುವುದು ಹೆಂಗಸರು. ಒಡೆಯುವಾಗ ಮಚ್ಚು ಒಂದು ಕೂದಲಷ್ಟು ಜಾಸ್ತಿ ಇಳಿದರೂ ಉಂಡೆ ಸೀಳಿ ಬೆಲೆ ಹೋಗುತ್ತದೆ. ಆ ಹೆಂಗಸರು ಕೇರಿಯಿಂದ ಬರುತ್ತಿದ್ದರು. ಈಗ ಅದನ್ನು ಕಾಲೋನಿ ಅನ್ನುತ್ತಾರೆ. ಅವರಲ್ಲಿ ಒಬ್ಬಳು ಕೆಂಚಮ್ಮ. ನಾನು ದಬ್ಬೇಘಟ್ಟದಿಂದ ಸೊಸೆಯಾಗಿ ಬಂದ ವರ್ಷವೇ ಅವಳೂ ಮದುವೆಯಾಗಿ ಕೇರಿಗೆ ಬಂದದ್ದು. ನಾನು ಒಳಗೆ ಮುದುಕಿಯಾದೆ, ಅವಳು ಹಿತ್ತಿಲಲ್ಲಿ ಮುದುಕಿಯಾದಳು.

ಮಾವ ತೀರಿದ ಮೇಲೆ ಅಣ್ಣತಮ್ಮಂದಿರಲ್ಲಿ ಪಾಲಾಯಿತು. ತೋಟ ಸಲೀಸಾಗಿ ಪಾಲಾಯಿತು. ಮನೆ ಆಗಲಿಲ್ಲ. ಇವನಿಗೆ ಹೋದರೆ ಅವನಿಗೆ ಸಂಕಟ, ಅವನಿಗೆ ಹೋದರೆ ಇವನಿಗೆ. ಬೀಗ ಹಾಕಿದರು. ಅವರ ಮಕ್ಕಳ ಕಾಲಕ್ಕೂ ಅದೇ ಜಗಳ. ಕಡೆಗೆ, ನಮ್ಮಲ್ಲಿ ಯಾರಿಗೂ ಬೇಡ ಊರಿಗೇ ಇರಲಿ ಅಂತ ಒಪ್ಪಿದರು. ಬಾಗಿಲ ಪಕ್ಕದ ಕಲ್ಲಿನಲ್ಲಿ ‘ಉದಾರ ದಾನ’ ಅಂತ ಕೆತ್ತಿಸಿದ್ದಾರೆ. ಹೊಟ್ಟೆಕಿಚ್ಚು ಅಂತ ಕೆತ್ತಿಸಲು ಆಗುತ್ತದೆಯೇ? ನಾನು ಮಗ ಸೊಸೆ ಜೊತೆ ಅದರ ಹಿಂದಿನ ಬೀದಿಯ ತಾರಸಿ ಮನೆಯಲ್ಲಿದ್ದೇನೆ. ಆ ಮನೆಯಲ್ಲಿ ಸಂಸಾರ ಮಾಡಿದವರ ಪೈಕಿ ಊರಿನಲ್ಲಿ ಉಳಿದವಳು ನಾನೊಬ್ಬಳೇ. ಅದಕ್ಕೇ ನನ್ನನ್ನು ಕರೆದರು.

ಆಷಾಢದ ಗಾಳಿಯಲ್ಲಿ ಕೆಲಸ ಶುರುವಾಯಿತು. ಸಮಿತಿಗೆ ಯಜಮಾನರು ಮೇಷ್ಟ್ರು, ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿಕೊಟ್ಟು ರಿಟೈರಾದವರು. ಒಳ್ಳೆಯವರು, ಆದರೆ ಹಳೇದು ಏನು ಕಂಡರೂ ಕಣ್ಣು ಒದ್ದೆ ಮಾಡಿಕೊಳ್ಳುವ ಜಾತಿ. ಅವರ ಜೊತೆ ಒಂದಷ್ಟು ಹುಡುಗ ಹುಡುಗಿಯರು. ಗಾಳಿಗೆ ಅಟ್ಟದ ದೂಳು ಎದ್ದು ಎಲ್ಲರೂ ಹಿಟ್ಟಿನ ಗಿರಣಿಯಿಂದ ಬಂದವರ ಹಾಗೆ ಕಾಣುತ್ತಿದ್ದರು. ನನಗೆ ತೊಟ್ಟಿಯ ಮೂಲೆಯಲ್ಲಿ ಒಂದು ಕುರ್ಚಿ. ಒಂದೊಂದೇ ಸಾಮಾನು ತಂದು ನನ್ನ ಮುಂದೆ ಇಡುವುದು, ನಾನು ಹೇಳುವುದು.

"ಗಂಗಮ್ಮನೋರೆ, ಇದೇನ್ರೀ?"

"ಶಾವಿಗೆ ಒರಳು. ಮೇಲ್ಗಡೆ ಭಾರ ಬೀಳ್ಬೇಕು. ನಮ್ಮತ್ತೆ ನನ್ನೇ ಹತ್ತಿಸಿ ಕೂರಿಸ್ತಿದ್ರು."

"ಅಷ್ಟು ಭಾರ ಇದ್ರಾ ನೀವು?"

"ನಿಮ್ಮಷ್ಟಿರಲಿಲ್ಲ ಬುಡಿ ಮೇಷ್ಟ್ರೆ."

ಹುಡುಗರು ಬಿದ್ದು ಬಿದ್ದು ನಕ್ಕರು. ನನಗೆ ಅದು ಹಿಡಿಸಿತು. ಮೂರನೇ ಕ್ಲಾಸಿಗೆ ಸ್ಕೂಲು ಬಿಡಿಸಿದವಳು ನಾನು. ಮನೆಯಲ್ಲಿ ನಾನು ಮಾತಾಡಿದರೆ ಟಿವಿ ಸೌಂಡು ಜಾಸ್ತಿ ಮಾಡುತ್ತಾರೆ. ಇಲ್ಲಿ ಬಿ.ಎ. ಓದಿದವರು ನನ್ನ ಬಾಯಿ ನೋಡುತ್ತಾ ಕೂತಿದ್ದಾರೆ. ಬೆಳಗಾದರೆ ಸೀರೆ ಬದಲಾಯಿಸಿ ಹೊರಡುವುದು ಅಭ್ಯಾಸವಾಯಿತು. ಸೊಸೆ, "ಹುಷಾರು ಅತ್ತೆ, ನಿಮ್ಮನ್ನೂ ಗಾಜಿನ ಪೆಟ್ಟಿಗೇಲಿ ಇಟ್ಬುಟ್ಟಾರು" ಅಂತ ಆಡಿಕೊಂಡಳು. ಆಡಿಕೊಳ್ಳಲಿ ಅಂದುಕೊಂಡೆ. ಗಾಜಿನ ಪೆಟ್ಟಿಗೆಗೂ ನಾನು ಒಲ್ಲೆ ಅನ್ನುತ್ತಿರಲಿಲ್ಲವೇನೋ.

ಆ ಗುಂಪಿನಲ್ಲಿ ರೂಪ ಅಂತ ಒಬ್ಬಳು. ಕೆಂಚಮ್ಮನ ಮೊಮ್ಮಗಳು, ತಿಪಟೂರಿನಲ್ಲಿ ಡಿಗ್ರಿ ಮುಗಿಸಿದವಳು. ಮ್ಯೂಸಿಯಂ ಬಾಗಿಲು ತೆಗೆಯುವುದಕ್ಕೆ, ಬಂದವರಿಗೆ ಎಲ್ಲ ತೋರಿಸಿ ಹೇಳುವುದಕ್ಕೆ ಒಬ್ಬರನ್ನು ಸಂಬಳಕ್ಕೆ ತೆಗೆದುಕೊಳ್ಳುತ್ತಾರೆ ಅಂತ ಸುದ್ದಿಯಿತ್ತು. ರೂಪ ಆ ಕೆಲಸಕ್ಕೆ ಕೇಳಿಕೊಂಡಿದ್ದಳು. ಮಾತು ಕಮ್ಮಿ. ನಾನು ಹೇಳುವುದನ್ನೆಲ್ಲ ಮನಸ್ಸಿಟ್ಟು ಕೇಳುತ್ತಿದ್ದಳು. ಅವಳು ಯಾರ ಮೊಮ್ಮಗಳು ಅಂತ ನನಗೆ ಗೊತ್ತಿತ್ತು. ನನಗೆ ಗೊತ್ತು ಅಂತ ಅವಳಿಗೂ ಗೊತ್ತಿತ್ತು. ಇಬ್ಬರೂ ಆ ಮಾತು ಎತ್ತಿರಲಿಲ್ಲ.

ಶ್ರಾವಣದಲ್ಲಿ ಹಿತ್ತಿಲ ಕೊಟ್ಟಿಗೆಯ ಸೂರು ಬಿಚ್ಚಿದರು. ಬಿದಿರ ಗಳುಗಳ ಸಂದಿನಲ್ಲಿ ಕರಟಗಳು ಸಿಕ್ಕಿಸಿದ್ದವು. ಅರ್ಧ ಕರಟ, ಬಾಯಿ ಕಡೆ ಗಾಜಿನ ಚೂರಿನಲ್ಲಿ ಹೆರೆದು ನುಣುಪು ಮಾಡಿದ್ದು. ರೂಪ ಒಂದೊಂದೇ ಎಳೆದು ಕೊಟ್ಟಳು. ಹುಡುಗರು ಮಸಿ ಒರೆಸಿದರು. ಒಳಗಿನಿಂದ ಒಳ್ಳೇ ಬೀಟೆ ಮರದ ಬಣ್ಣ ಬಂತು.

ಮೇಷ್ಟ್ರು ಒಂದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಎಂಥಾ ಚೆಂದ ನೋಡ್ರೋ! ಪ್ಲಾಸ್ಟಿಕ್ ಇಲ್ಲ, ಏನಿಲ್ಲ. ನಮ್ಮ ಹಿರೀಕರು ಹೆಂಗೆ ಬದುಕಿದ್ರು! ಗಂಗಮ್ಮನೋರೆ, ಇದ್ರಲ್ಲಿ ಕಾಫಿ ಕುಡೀತಿದ್ರಾ?"

"ಹೂಂ, ಕಾಫಿನೇ."

"ಯಾರು ಕುಡೀತಿದ್ದಿದ್ದು?"

ರೂಪ ಏಣಿಯ ಮೇಲೆ ನಿಂತಿದ್ದಳು. ಕೈ ನಿಲ್ಲಿಸಿ ನನ್ನ ಕಡೆ ನೋಡಿದಳು.

"ಎಲ್ರೂವೆ" ಅಂದೆ.

ನಿಜ ಏನೆಂದರೆ, ಮನೆಯವರು ಕುಡಿಯುತ್ತಿದ್ದದ್ದು ಹಿತ್ತಾಳೆ ಲೋಟದಲ್ಲಿ, ಆಮೇಲಾಮೇಲೆ ಸ್ಟೀಲಿನಲ್ಲಿ. ಕರಟ ಇದ್ದದ್ದು ಕೊಬ್ಬರಿ ಒಡೆಯಲು ಬರುತ್ತಿದ್ದ ಕೇರಿ ಹೆಂಗಸರಿಗೆ. ಕುಡಿದು, ಅವರೇ ಬೂದಿ ಹಾಕಿ ಉಜ್ಜಿ, ಅವರೇ ಸೂರಿಗೆ ಸಿಕ್ಕಿಸಿ ಹೋಗಬೇಕು. ನಾವು ಅದನ್ನು ಮುಟ್ಟುತ್ತಿರಲಿಲ್ಲ. ಅವರ ಕೈಯಲ್ಲಿ ಬಿಡಿಸಿದ ಕೊಬ್ಬರಿ ಎಲ್ಲೆಲ್ಲಿಯದೋ ದೇವರ ಮುಂದೆ ಹೋಗುತ್ತಿತ್ತು. ಅವರ ತುಟಿ ತಾಗಿದ ಕರಟ ಕೊಟ್ಟಿಗೆ ಬಿಟ್ಟು ಈಚೆಗೆ ಬರುತ್ತಿರಲಿಲ್ಲ. ಇದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ, ಎಲ್ಲರ ಮನೆಯಲ್ಲೂ ಹಾಗೇ ಇತ್ತು. ನನಗೆ ಆಗ ನಾಚಿಕೆಯೂ ಆಗಿರಲಿಲ್ಲ.

ಆ ಹುಡುಗಿಯ ಮುಖ ನೋಡಿಕೊಂಡು ಇದನ್ನು ಹೇಗೆ ಹೇಳುವುದು, ಅವಳಿಗೆ ನೋವಾಗುತ್ತದೆ ಅಂದುಕೊಂಡೆ. ಹಾಗಂತ ಅವತ್ತು ಮನೆಗೆ ಹೋಗುವ ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳೇ. ಅಷ್ಟು ಜನರ ಮುಂದೆ ನನ್ನ ಕುರ್ಚಿ ಹೋಗಬಾರದಾಗಿತ್ತು, ಅಷ್ಟೇ.

ಸುಳ್ಳು ಹಾಗೇ ಇರಲಿಲ್ಲ, ಬೆಳೆಯಿತು. ಗೌರಿ ಹಬ್ಬ ಕಳೆದ ಮೇಲೆ ಬೋರ್ಡುಗಳು ಬಂದವು. ಕರಟಗಳಿಗೆ ಎಣ್ಣೆ ಹಚ್ಚಿ ಪಡಸಾಲೆಯ ನಡುವೆ ಗಾಜಿನೊಳಗೆ ಇಟ್ಟಿದ್ದರು. ಅದರ ಬೋರ್ಡನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ಓದಿದೆ: ‘ಈ ಮನೆಯಲ್ಲಿ ಒಡೆಯರೂ ಆಳುಗಳೂ ಭೇದವಿಲ್ಲದೆ ಕಾಫಿ ಕುಡಿಯುತ್ತಿದ್ದ ಕರಟದ ಬಟ್ಟಲುಗಳು.’ ನಾನು ಭೇದವಿಲ್ಲದೆ ಅಂದಿರಲಿಲ್ಲ. ಎಲ್ಲರೂ ಅಂದಿದ್ದೆ. ಮೇಷ್ಟ್ರ ಕೈಯಲ್ಲಿ ಅದು ಹೀಗಾಗಿತ್ತು.

ಹೇಳಿಬಿಡೋಣ ಅಂತಲೇ ಅವರ ಹತ್ತಿರ ಹೋದೆ. "ಮೇಷ್ಟ್ರೆ, ಆ ಕರಟದ್ದು..." ಅಂದೆ.

"ಓದಿದ್ರಾ? ನಂಗೆ ಬರೀವಾಗ್ಲೇ ಕಣ್ಣಲ್ಲಿ ನೀರು ಬಂತು ಕಣ್ರೀ. ಈ ಕಾಲದೋರು ನೋಡಿ ಕಲೀಬೇಕು."

"ಅಕ್ಷರ ದುಂಡಗೆ ಬಂದೈತೆ" ಅಂದು ವಾಪಸ್ಸು ಬಂದೆ. ಇನ್ನೂ ಕೆಟ್ಟದ್ದು ಹೇಳುತ್ತೇನೆ. ಅಷ್ಟು ಹೊತ್ತಿಗೆ ನನಗೇ ಆ ಬೋರ್ಡು ಹಿಡಿಸಿತ್ತು. ಅದನ್ನು ಓದಿದರೆ ನಮ್ಮತ್ತೆ, ನಾನು, ಎಲ್ಲರೂ ಒಳ್ಳೆಯವರಾಗಿ ಕಾಣುತ್ತಿದ್ದೆವು. ನಾನೂ ಆಗ ಕರಟದಲ್ಲಿ ಒಂದು ಗುಟುಕು ಕುಡಿದಿದ್ದೆನೇನೋ ಅನ್ನಿಸುವಷ್ಟು.

ಕಾರ್ತೀಕದಲ್ಲಿ ಬಾಗಿಲು ತೆರೆಯುವ ದಿನ ಬಂತು. ಬೆಳಗಿನ ಚಳಿ, ಆಮೇಲೆ ಸುಡುವ ಬಿಸಿಲು. ಜಗುಲಿಗೆ ತೆಂಗಿನ ಗರಿಯ ಚಪ್ಪರ ಹಾಕಿ ಎಳನೀರು ಕೊಚ್ಚುತ್ತಿದ್ದರು. ಊರಿನ ಅರ್ಧ ಜನ ಅಲ್ಲೇ ಇದ್ದರು. ನನಗೆ ಶಾಲು ಹೊದಿಸಿದರು. ಆಮೇಲೆ ಗುಂಪು ಒಳಗೆ ಬಂತು. ಆ ಗುಂಪಿನಲ್ಲಿ ಕೆಂಚಮ್ಮನನ್ನು ಕಂಡೆ.

ಇಷ್ಟು ವರ್ಷದಲ್ಲಿ ಅವಳು ಮುಂದಿನ ಬಾಗಿಲಿನಿಂದ ಬಂದದ್ದು ಅದೇ ಮೊದಲು. ಹೊಸಿಲ ಹತ್ತಿರ ನಿಂತಳು, ಚಪ್ಪಲಿ ಬಿಟ್ಟಳು, ಮತ್ತೆ ನಿಂತಳು. ರೂಪ ರಟ್ಟೆ ಹಿಡಿದು, "ಬಾ ಅಜ್ಜಿ, ಈಗ ಇದು ಎಲ್ಲರದೂವೆ" ಅಂದಳು. ಕೆಂಚಮ್ಮ ಒಳಗೆ ಕಾಲಿಟ್ಟವಳು ಮೊದಲು ಮೇಲೆ ಅಟ್ಟದ ಕಡೆ ನೋಡಿದಳು. ಎಷ್ಟು ಕಾಯಿ ಆ ಅಟ್ಟದಿಂದ ಇಳಿದು ಅವಳ ಮುಂದೆ ಬಿದ್ದಿವೆಯೋ. ಆದರೆ ಅಟ್ಟವನ್ನು ಅವಳು ನೋಡಿರಲಿಲ್ಲ.

ಮೇಷ್ಟ್ರು ಗಾಜಿನ ಮುಂದೆ ನಿಂತು ಬೋರ್ಡು ಓದಿ ಹೇಳುತ್ತಿದ್ದರು. ಅವಳನ್ನು ಕಂಡು ಹಿಗ್ಗಿಬಿಟ್ಟರು. "ಬನ್ನಿ ಕೆಂಚಮ್ಮ, ಮುಂದಕ್ಕೆ ಬನ್ನಿ! ನೋಡ್ರೀ, ಇದೇ ಮನೇಲಿ ಕೊಬ್ಬರಿ ಒಡೆದ ಕೈ ಇದು. ನೀವೇ ಹೇಳ್ಬುಡಿ ತಾಯಿ, ಎಲ್ರೂ ಇದ್ರಲ್ಲೇ ಕುಡೀತಿದ್ರಲ್ವಾ?"

ಫೋನುಗಳು ಮೇಲೆದ್ದವು. ಕೆಂಚಮ್ಮ ಗಾಜಿನೊಳಗೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು, ಶಾಲು ಸಮೇತ. ಹೇಳಿಬಿಡುತ್ತಾಳೆ, ಮುಗಿಯಿತು ಅಂದುಕೊಂಡೆ.

"ಹೂಂ ಕಣಪ್ಪ" ಅಂದಳು. "ಅಮ್ಮಾರೂ ಅದ್ರಲ್ಲೇ ಕುಡೀತಿದ್ರು."

ಚಪ್ಪಾಳೆ ಬಿತ್ತು. ಮೇಷ್ಟ್ರು ಕಣ್ಣು ಒರೆಸಿಕೊಂಡರು. ಎಂಥಾ ದೊಡ್ಡ ಮನಸ್ಸು ಇವಳದು, ಮನಸ್ಸಿನಲ್ಲಿ ಏನೂ ಇಟ್ಟುಕೊಂಡಿಲ್ಲ ಅಂತ ಸಂತೋಷಪಟ್ಟೆ. ಹೊಟ್ಟೆ ತುಂಬಾ ಹೋಳಿಗೆ ತಿಂದೆ. ರೂಪಳಿಗೇ ಕೆಲಸ ಕೊಟ್ಟಿದ್ದೇವೆ, ನಾಳೆಯಿಂದ ಇವಳೇ ನಿಮಗೆಲ್ಲ ತೋರಿಸಿ ಹೇಳುತ್ತಾಳೆ ಅಂತ ಮೇಷ್ಟ್ರು ಮೈಕಿನಲ್ಲಿ ಹೇಳಿದಾಗ ನಾನೂ ಚಪ್ಪಾಳೆ ತಟ್ಟಿದೆ.

ಹೊತ್ತು ಇಳಿಯುವಾಗ ಜನ ಕರಗಿದರು. ಕೈ ತೊಳೆಯಲು ಹಿತ್ತಿಲಿಗೆ ಹೋದೆ. ಕೆಂಚಮ್ಮ ಅಲ್ಲಿ ಬಚ್ಚಲ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಳು. ಒಳಗೆ ರೂಪ ಕುರ್ಚಿ ಜೋಡಿಸುತ್ತಿದ್ದಳು, ಅದು ಮುಗಿಯಲಿ ಅಂತ ಇವಳು ಕಾಯುತ್ತಿದ್ದಳು. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಅವಳು ಒಂದಿಷ್ಟು ಸರಿದಳು. ಜಾಗ ಬಿಡಲು ಸರಿದದ್ದೋ, ಹಳೇ ಅಭ್ಯಾಸಕ್ಕೆ ಸರಿದದ್ದೋ.

"ಚೆನ್ನಾಗಿ ಹೇಳ್ದೆ ಕಣೆ ಕೆಂಚಮ್ಮ. ನನ್ನ ಮಾನ ಉಳಿಸ್ದೆ" ಅಂದೆ.

ಅವಳು ಎಲೆಯ ರಸ ಉಗಿದು ಬಾಯಿ ಒರೆಸಿಕೊಂಡಳು. "ನಿಮ್ಮ ಮಾನ ಉಳ್ಸಕ್ಕಲ್ಲ ಕಣ್ರಮ್ಮಾರೆ."

"ಮತ್ತೆ?"

"ಹುಡುಗಿಗೆ ಕೆಲಸ ಆಗ್ಬೇಕಿತ್ತು. ಅವರಿನ್ನೂ ಮೈಕಲ್ಲಿ ಹೇಳಿರ್ಲಿಲ್ಲ. ಮನೆಯೋರ ಮಾತು ಸುಳ್ಳು ಅಂತ ನಾನು ಅಷ್ಟು ಜನದ ಮುಂದೆ ಅಂದಿದ್ರೆ ಯಾರ್ ತಗೋತಿದ್ರು ಇವ್ಳನ್ನ? ನೀವು ಇಟ್ಕತಿದ್ರಾ, ಹೇಳಿ."

ಇಲ್ಲ ಅನ್ನುವುದೇ ನಿಜ.

"ಬಾಯಂಚಿಗೆ ಎರಡು ಗೀರು ಐತಲ್ಲ, ಅದು ನಂದು" ಅಂದಳು. "ಗುರುತಿಗೆ ನಾನೇ ಗೀರಿದ್ದು. ಅದನ್ನೇ ಮುಂದಕ್ಕೆ ಇಟ್ಟವ್ರೆ. ಚೆನ್ನಾಗಿ ಕಾಣುಸ್ತೈತೆ, ಎಣ್ಣೆ ಹಚ್ಚಿ."

ಅವಳೇ ಮುಂದುವರಿಸಿದಳು. ದನಿ ಏರಿಸಲಿಲ್ಲ, ಸಂತೆಯ ಸುದ್ದಿ ಹೇಳುವ ಹಾಗೆ ಹೇಳಿದಳು. "ಈ ಕರಟದ ಕತೆ ರೂಪ ಚಿಕ್ಕೋಳಿದ್ದಾಗ್ಲೇ ಅವ್ಳಿಗೆ ಹೇಳಿದ್ದೆ. ಸೂರು ಬಿಚ್ಚಿದ ದಿವ್ಸ ಮನೆಗೆ ಬಂದು, ದೊಡ್ಡಮನೆ ಅಜ್ಜಿ ಎಲ್ರೂ ಕುಡೀತಿದ್ರು ಅಂದ್ರು ಕಣಜ್ಜಿ, ನೀನು ನಂಗೆ ಸುಳ್ಳು ಹೇಳಿದ್ದಾ ಅಂದ್ಲು. ಇಲ್ಲ ಕಣವ್ವ, ಅವರಿಗೆ ವಯಸ್ಸಾಯ್ತಲ್ಲ ಮರೆತವ್ರೆ ಅಂದೆ. ಇವತ್ತು ಅವ್ಳ ಮುಂದೇನೇ ನಾನೂ ಹೂಂ ಅಂದೆ. ಈಗ ಮನೆಗೆ ಹೋಗಿ ಏನ್ ಹೇಳ್ಲಿ? ನಾಳೆಯಿಂದ ಅವ್ಳು ದಿನಾ ನನ್ನ ಕರಟದ ಮುಂದೆ ನಿಂತ್ಕಂಡು ಅದನ್ನೇ ಹೇಳ್ಬೇಕು. ಸಂಬಳಕ್ಕೆ."

"ಕೆಂಚಮ್ಮ..." ಅಂದೆ.

"ಬುಡಿ ಅಮ್ಮಾರೆ. ಕೆಲಸ ಆಯ್ತಲ್ಲ."

ರೂಪ ಹೊರಗೆ ಬಂದಳು. ನಮ್ಮಿಬ್ಬರನ್ನೂ ಒಂದೇ ಕಟ್ಟೆಯ ಮೇಲೆ ಕಂಡು ನಿಂತಳು. ಅಜ್ಜಿಯನ್ನು ಎಬ್ಬಿಸಿಕೊಂಡಳು. ನನಗೆ "ಬತ್ತೀನಿ ಅಜ್ಜಿ" ಅಂದಳು, ಮರ್ಯಾದೆಯಾಗಿಯೇ ಅಂದಳು. ಮುಖ ಮಾತ್ರ ನೋಡಲಿಲ್ಲ.

ನನ್ನ ಜೀವಮಾನದಲ್ಲಿ ನನ್ನನ್ನು ಬೈದವರು ಬಹಳ. ಅತ್ತೆ ಬೈದಿದ್ದಾರೆ, ಗಂಡ ಬೈದಿದ್ದಾರೆ, ಪಾಲಿನ ಜಗಳದಲ್ಲಿ ಓರಗಿತ್ತಿಯರು ಬೀದಿಗೆ ನಿಂತು ಬೈದಿದ್ದಾರೆ. ಯಾವುದೂ ನನಗೆ ನಾಟಲಿಲ್ಲ, ತಿರುಗಿ ಬೈಯಲು ನನಗೂ ಬರುತ್ತಿತ್ತು. ಬುಡಿ ಅಮ್ಮಾರೆ ಅನ್ನುವುದಕ್ಕೆ ತಿರುಗಿ ಏನು ಅನ್ನುವುದು? ಆ ಕಾಲದಲ್ಲಿ ಮಾಡಿದ್ದನ್ನು, ಎಲ್ಲರೂ ಮಾಡುತ್ತಿದ್ದರು, ನಾನೂ ಮಾಡಿದೆ ಅಂತ ಹೇಗೋ ನುಂಗಿಕೊಂಡಿದ್ದೆ. ಈಗ ಮಾಡಿದ್ದನ್ನು ಯಾರೂ ಹೇಳಿ ಮಾಡಿಸಿರಲಿಲ್ಲ. ಅತ್ತೆ ಇರಲಿಲ್ಲ, ಕಟ್ಟುಪಾಡು ಇರಲಿಲ್ಲ. ನಾನೇ ಕುರ್ಚಿಯಲ್ಲಿ ಕೂತು ಮಾಡಿದ್ದು. ಮನೆಗೆ ಬಂದು ಶಾಲು ಬಿಚ್ಚಿ ಬೀರುವಿನ ಮೇಲೆ ಎಸೆದೆ. ಸೊಸೆ ಊಟಕ್ಕೆ ಕರೆದರೆ ಬೇಡ ಅಂದೆ. "ಹೋಳಿಗೆ ಜಾಸ್ತಿ ಆಯ್ತೇನೋ" ಅಂದಳು. ಹೂಂ ಅಂದೆ.

ಮಾರನೇ ಬೆಳಿಗ್ಗೆ ಕಾಫಿಯನ್ನೂ ಕುಡಿಯದೆ ಹೋದೆ. ಮೇಷ್ಟ್ರು ಜಗುಲಿಯಲ್ಲಿ ಪೇಪರು ಓದುತ್ತಿದ್ದರು. ನಿಂತಲ್ಲೇ ಹೇಳಿದೆ. ಯಾರ ಕರಟ, ಯಾಕೆ ಸೂರಿನಲ್ಲಿತ್ತು, ಎಲ್ಲ. ಅವರು ಪೇಪರು ಮಡಚಿದರು, ಮತ್ತೆ ಬಿಚ್ಚಿದರು.

"ಈಗ್ಯಾಕೆ ಇದೆಲ್ಲ ಗಂಗಮ್ಮನೋರೆ? ಅಷ್ಟು ಜನ ನೋಡ್ಕಂಡು ಹೋದ್ರು. ನಿಮ್ಮ ಮನೆತನದ ಹೆಸರು ಐತೆ. ನಿಮ್ಮ ಮೈದುನನ ಮಕ್ಕಳು ಜಗಳಕ್ಕೆ ಬತ್ತಾರೆ."

"ಬರ್ಲಿ. ಬೋರ್ಡು ತೆಗೀರಿ."

"ಸಮಿತಿ ಕೂರ್ಬೇಕು. ಹಂಗೆಲ್ಲ ತೆಗೆಯೋಕಾಗಲ್ಲ."

"ನೀವು ಕೂತ್ಕಳಿ" ಅಂದು ಒಳಗೆ ಹೋದೆ.

ರೂಪ ಗಾಜು ಒರೆಸುತ್ತಿದ್ದಳು. ಹೊಸ ಚೂಡಿದಾರ, ಕುತ್ತಿಗೆಯಲ್ಲಿ ಹೆಸರಿನ ಕಾರ್ಡು. ನನ್ನನ್ನು ನೋಡಿ ಬಟ್ಟೆ ಕೆಳಗಿಟ್ಟಳು. ಇಬ್ಬರೂ ಮಾತಾಡುವ ಮೊದಲೇ ಬಾಗಿಲಲ್ಲಿ ಗಲಾಟೆ ಕೇಳಿಸಿತು. ಹಾಲ್ಕುರಿಕೆ ಕಡೆಯ ಸ್ಕೂಲಿನ ಮಕ್ಕಳು, ಜೊತೆಗೊಬ್ಬರು ಟೀಚರು. ಸಾಲಾಗಿ ಒಳಗೆ ಬಂದು ಗಾಜಿನ ಸುತ್ತ ನಿಂತರು. ರೂಪ ಬೋರ್ಡಿನ ಕಡೆ ತಿರುಗಿದಳು.

"ಅದನ್ನ ಓದ್ಬೇಡ ಮಗ. ನಾನ್ ಹೇಳ್ತೀನಿ" ಅಂದೆ. ಮಕ್ಕಳಿಗೆ ಹೇಳಿದೆ: "ಇದು ಕೇರಿಯೋರಿಗೆ ಇಟ್ಟಿದ್ದ ಕರಟ. ಲೋಟ ಅವರು ಮುಟ್ಟಬಾರ್ದು ಅಂತ ನಾವು ಇಟ್ಟಿದ್ದು. ಆ ಬೋರ್ಡಲ್ಲಿ ಬರೆದಿರೋದು ಸುಳ್ಳು. ಅದನ್ನ ಹೇಳ್ದೋಳು ನಾನೇ. ನಿನ್ನೆ ಕೆಂಚಮ್ಮ ಹೂಂ ಅಂದಿದ್ದು ಈ ಹುಡುಗಿ ಕೆಲಸಕ್ಕೋಸ್ಕರ."

ಟೀಚರು ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಬಾಗಿಲಲ್ಲಿ ಪೇಪರು ಹಿಡಿದುಕೊಂಡು ನಿಂತಿದ್ದರು.

ಮುಂದಿನ ಸಾಲಿನ ಎರಡು ಜಡೆಯ ಹುಡುಗಿ ಕೇಳಿದಳು, "ಕಾಫಿ ಹಾಕ್ತಿದ್ದಿದ್ದು ಯಾರಜ್ಜಿ?"

"ನಾನು."

"ಹೆಂಗೆ?"

ಕೈ ಎತ್ತಿ ತೋರಿಸಿದೆ, ಎದೆಯ ಮಟ್ಟಕ್ಕೆ. "ಇಷ್ಟು ಮೇಲಿಂದ. ಅವರು ಕೆಳಗಡೆ ಕರಟ ಹಿಡ್ಕಂಡು ಕೂತಿರೋರು. ತಾಗಬಾರ್ದಲ್ಲ."

"ಬಿಸಿ ಕಾಫಿ ಕೈ ಮೇಲೆ ಬೀಳ್ತಿರಲಿಲ್ವಾ?"

"ಬೀಳ್ತಿತ್ತು" ಅಂದೆ.

ಹಿಂದೆ ಯಾರೋ ಹುಡುಗ ನಕ್ಕ. ಟೀಚರು ಗದರಿದರು. ರೂಪ ನನ್ನ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ಕಾರ್ಡು ಸರಿಮಾಡಿಕೊಂಡು, "ಬನ್ನಿ ಮಕ್ಳೇ, ಈ ಕಡೆ ಅಡುಗೆ ಮನೆ" ಅಂತ ಅವರನ್ನು ಕರೆದುಕೊಂಡು ಹೋದಳು. ನಾನು ಕೈ ಇಳಿಸಿದೆ.